ಅಂಚು ಮುಕ್ಕಾದ ಲಿಂಗ

"ಸತ್ತ ಮಗನ ಲಿಂಗ ಕಚೇರ್ಯಾಗ ಬಂದು ಕೂತದ್ರಿ ಅವ್ವಾರ! ಬೀರಪ್ಪನ ಆಣಿ, ಕಣ್ಣಾರೆ ನೋಡಿ ಬಂದೀನಿ!"

ಬೀರಣ್ಣ ಅಂಗಳದ ನಡುವೆ ನಿಂತು ಏದುಸಿರು ಬಿಡುತ್ತಿದ್ದ. ಹೆಗಲ ಮೇಲಿನ ಕಂಬಳಿ ಅರ್ಧ ನೆಲಕ್ಕೆ ಜಾರಿತ್ತು, ಅವನಿಗೆ ಅದರ ಖಬರೇ ಇರಲಿಲ್ಲ. ಪಡಸಾಲೆಯಲ್ಲಿ ತೊಗರಿ ಕೇರುತ್ತಿದ್ದ ಸುಂದರಬಾಯಿಯ ಮೊರ ಗಾಳಿಯಲ್ಲೇ ನಿಂತಿತು.

"ಯಾರ ಲಿಂಗ ಅಂದಿ?"

"ನಿಮ್ಮ ವೈಜಿನಾಥಪ್ಪಂದೇ ರಿ. ನಾಕು ವರ್ಷದ ಹಿಂದ ಮಣ್ಣಾಗ ಹೋದದ್ದು. ಇವತ್ತ ಮುನಸಫ್ ಸಾಹೇಬರ ಮೇಜಿನ ಮ್ಯಾಲ, ಮಸಿ ದೌತಿ ಬಾಜೂಕ ಕೂತದ. ನಮ್ಮ ಯಜಮಾನ್ರು ಅದನ್ನ ಕೈಯಾಗ ಹಿಡದು ಕಚೇರಿಗೆಲ್ಲ ಕೇಳೂವಂಗ ಒದರಿದ್ರು."

"ಮಣ್ಣಾಗ ಹೋದದ್ದು ತಿರಗಿ ಹ್ಯಾಂಗ ಬರ್ತದೋ? ಕುರಿ ಕಾಯ್ದು ಕಾಯ್ದು ನಿನಗೂ ಕುರಿ ಬುದ್ಧಿನೇ ಬಂತು."

"ಬರ್ಲಿ ಬಿಡ್ರಿ. ಕುರಿಗೂ ಕಣ್ಣ ಇರ್ತಾವ."

ಸುಂದರಬಾಯಿ ಮೊರವನ್ನು ಕೆಳಗಿಟ್ಟಳು. ಮಣ್ಣಿಗೆ ಹೋದದ್ದು ತಿರುಗಿ ಬರುವುದಿಲ್ಲ ಎಂಬುದು ಬೀರಣ್ಣನಿಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು. ಆ ಲಿಂಗ ಮಣ್ಣಿಗೆ ಹೋಗಿಯೇ ಇರಲಿಲ್ಲ ಎಂಬುದಂತೂ ಇಡೀ ಜಹೀರಾಬಾದಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಬೀರಣ್ಣ ಇವರ ಹೊಲದಲ್ಲಿ ಚಳಿಗಾಲಕ್ಕೆ ಗೊಬ್ಬರಕ್ಕೆಂದು ಕುರಿ ತರುಬುವವನು. ಅವನ ನಾಲ್ಕು ಕುರಿ ಸರ್ಕಾರಿ ಕುರಣದ ಹುಲ್ಲಿಗೆ ನುಗ್ಗಿದ್ದವೆಂದು ಅಂದು ಅವನಿಗೂ ಕಚೇರಿಯಲ್ಲಿ ತಾರೀಕಿತ್ತು. ತನ್ನ ಸರದಿ ಬರುವತನಕ ಬಾಗಿಲ ಬಳಿ ಕುಕ್ಕರುಗಾಲಿನಲ್ಲಿ ಕೂತು ಸುಂದರಬಾಯಿಯ ಗಂಡ ಮನ್ಮಥಪ್ಪ ಸಾಹುಕಾರರ ಮೊಕದ್ದಮೆಯನ್ನು ಬಯಲಾಟ ನೋಡಿದಂತೆ ಪೂರಾ ನೋಡಿ ಬಂದಿದ್ದ.

ಮೊಕದ್ದಮೆ ಏನೆಂದು ಊರಿಗೆಲ್ಲ ಗೊತ್ತಿತ್ತು. ಮನ್ಮಥಪ್ಪನ ಒಬ್ಬನೇ ಮಗ ವೈಜಿನಾಥ ತಾಂಡೂರಿನ ಬಂಡೆಕಲ್ಲಿನ ಡಿಪೋದಲ್ಲಿ ಕಾರಕೂನನಾಗಿದ್ದ. ನಿಜಾಮ ಸರ್ಕಾರದ ಫಸಲಿ ಸಾವಿರದ ಮುನ್ನೂರ ನಲವತ್ತಾರರಲ್ಲಿ ಹೆಂಡತಿ, ಮಗಳೊಡನೆ ಊರಿಗೆ ಬಂದಿದ್ದಾಗ ಪ್ಲೇಗಿನಲ್ಲಿ ತೀರಿಕೊಂಡ. ಅವನ ಹೆಂಡತಿ ಉಮಾಬಾಯಿ ಒಂದು ವರ್ಷ ಅತ್ತೆ ಮನೆಯಲ್ಲಿದ್ದು, ಆಮೇಲೆ ಮಗಳು ನೀಲವ್ವನನ್ನು ಕರೆದುಕೊಂಡು ತಾಂಡೂರಿಗೆ ತಿರುಗಿ ಹೋದಳು. ಅಲ್ಲಿನ ಮಿಶನ್ ದವಾಖಾನೆಯಲ್ಲಿ ಬಾಣಂತಿಯರ ಕೆಲಸ ಕಲಿತಳು. ಹೋದ ವರ್ಷ ಕಿರಿಸ್ತಾನಳಾದಳು. ಆಗಿ ಸುಮ್ಮನಿರಲಿಲ್ಲ. ರೈಲು ಹತ್ತಿ ಜಹೀರಾಬಾದಿಗೆ ಬಂದು ತನ್ನ ಲಿಂಗವನ್ನು ತಾನೇ ಅತ್ತೆಯ ಅಂಗೈಯಲ್ಲಿಟ್ಟು, "ಇದನ್ನ ಕಟಗೊಂಡು ಸುಳ್ಳು ಹೇಳೂದು ನನ್ನ ಕೈಲೆ ಆಗವಲ್ದರಿ ಅತ್ತಿ, ಸಿಟ್ಟಾಗಬ್ಯಾಡ್ರಿ" ಎಂದು ಕಾಲು ಮುಟ್ಟಿ ಹೋಗಿದ್ದಳು. ಅದಾದ ಎಂಟನೇ ದಿನಕ್ಕೆ ಮನ್ಮಥಪ್ಪ ಅರ್ಜಿ ಹಾಕಿದ: ತಂದೆಯ ಧರ್ಮ ಯಾವುದೋ ಮಗುವಿನದೂ ಅದೇ, ಲಿಂಗವಂತನ ಮಗಳು ಕಿರಿಸ್ತಾನಳ ಮಡಿಲಲ್ಲಿ ಬೆಳೆಯಬಾರದು, ಮೊಮ್ಮಗಳನ್ನು ನನಗೆ ಒಪ್ಪಿಸಬೇಕು.

ಸುಂದರಬಾಯಿಗೂ ಮೊಮ್ಮಗಳು ಬೇಕಾಗಿತ್ತು. ಧರ್ಮದ ಮಾತು ಗಂಡನಿಗೇ ಇರಲಿ; ಅವಳಿಗೆ ಬೇಕಾದದ್ದು ಮನೆಯಲ್ಲೊಂದು ಕೂಸಿನ ದನಿ, ಎಣ್ಣೆ ಹಚ್ಚಿ ಹಿಕ್ಕುವುದಕ್ಕೊಂದು ತಲೆ. ದಾವೆ ಗೆಲ್ಲುತ್ತದೆಂದು ವಕೀಲ ಹೇಳಿದ ದಿನವೇ ಖಣದ ಬಟ್ಟೆ ತರಿಸಿ ಎರಡು ಲಂಗ ಹೊಲಿಸಿಟ್ಟಿದ್ದಳು. ಅಳತೆ ಗೊತ್ತಿಲ್ಲದೆ ಒಂದನ್ನು ದೊಡ್ಡದು, ಒಂದನ್ನು ಸಣ್ಣದು ಮಾಡಿಸಿದ್ದಳು.

"ಸುರವಾತಿನಿಂದ ಹೇಳು," ಎಂದಳು ಬೀರಣ್ಣನಿಗೆ.

"ನಿಮ್ಮ ಸೊಸಿ ಕಡಿ ವಕೀಲ ಎದ್ದು ಹೇಳಿದ್ನರಿ, 'ಈಕಿ ತಾ ಬದಲಾಗ್ಯಾಳ, ಕೂಸಿನ ಬದಲ ಮಾಡಿಲ್ಲ. ಕೂಸು ಇವತ್ತಿಗೂ ಲಿಂಗ ಪೂಜಿ ಮಾಡೇ ಉಣ್ತದ.' ಮುನಸಫ್ ಸಾಹೇಬ್ರು ನಕ್ಕರು. 'ಹಂಗಿದ್ರ ತೋರಸ್ರಿ.' ಕೂಸು ಕೊರಳಾಗಿಂದು ಕರಡಿಗಿ ಬಿಚ್ಚಿ ಕೊಟ್ಟಿತು. ಎಷ್ಟ ಛಂದ ಕೊಟ್ಟಿತಂತೀರಿ! ಕಣ್ಣಿಗೊತ್ತಿ ಕೊಟ್ಟಿತು."

"ಕಣ್ಣಿಗೊತ್ತಿತೇನು?"

"ಹ್ಞೂಂ. ಅಲ್ಲಿಗೇ ಮುಗೀತಿತ್ತು. ನಮ್ಮ ಯಜಮಾನ್ರು ಕೇಳ್ಬೇಕಲ್ಲ! 'ಬಜಾರದಾಗ ಕೊಂಡು ತಂದಿರ್ತಾಳ, ನಾ ನೋಡಬೇಕು' ಅಂದ್ರು. ಕೈಯಾಗ ತಗೊಂಡು ಹೆಬ್ಬಟ್ಟು ಆಡಿಸಿದ್ರು ನೋಡ್ರಿ, ಮಾರಿ ಬಿಳಚಿತು. 'ಇದು ಕೂಸಿಂದಲ್ಲ, ನನ್ನ ಮಗಂದು! ಇದನ್ನ ಅವನ ಕೈಯಾಗಿಟ್ಟು ಮಣ್ಣ ಮಾಡೀವಿ! ಈಕಿ ಗಂಡಗ ಲಿಂಗ ಇಲ್ದ ಹುಗಿಸ್ಯಾಳ!' ಅಂತ ಒದರಿದ್ರು. ಕಚೇರಿ ತುಂಬಾ ಗದ್ಲೋ ಗದ್ಲ."

"ಅಕಿ ಏನಂದಳು?"

"'ಲಿಂಗ ಕೊಟ್ಟಾಕಿ ನಾ ಅಲ್ಲ, ನನಗ ಜ್ವರ ಇತ್ತು, ಅತ್ತಿಯವರು ಕೊಟ್ಟಿರಬೇಕು' ಅಂದಳು. ಸಾಹೇಬ್ರು 'ಅತ್ತಿನ ಕರಸ್ರಿ' ಅಂದ್ರು. ಯಜಮಾನ್ರು 'ನಮ್ಮ ಮನಿ ಹೆಣ್ಮಕ್ಕಳು ಕಚೇರಿ ಮೆಟ್ಲ ಹತ್ತೂದಿಲ್ಲ' ಅಂದ್ರು. 'ಹಂಗಾದ್ರ ಮಣ್ಣ ಮಾಡಿದ ಅಯ್ಯನ ನಾಳಿ ಕರ್ಕೊಂಡು ಬರ್ರಿ, ಅಂವ ಹೇಳಿದ್ದರ ಮ್ಯಾಲ ಫೈಸಲಾ' ಅಂತ ಹುಕುಂ ಆತು. ಲಿಂಗ ನಾಜರನ ಕಪಾಟಿನಾಗ ಕೀಲಿ ಬಿತ್ತು. ಚೀಟಿ ಅಂಟಿಸ್ಯಾರ್ರಿ ಅದಕ್ಕ, ನಂಬರ್ ಹಾಕಿ!"

ಬೀರಣ್ಣ ಕಂಬಳಿ ಎತ್ತಿಕೊಂಡು ಹೋದ. ಉಮಾಬಾಯಿ ಮತ್ತು ನೀಲವ್ವ ಎರಡು ದಿನದಿಂದ ಅವನ ಮನೆಯಲ್ಲೇ ಇಳಿದಿದ್ದರು. ಲಿಂಗವಂತರ ಯಾವ ಮನೆಯೂ ಅವರಿಗೆ ಬಾಗಿಲು ತೆಗೆದಿರಲಿಲ್ಲ. ಬೀರಣ್ಣನ ಹೆಂಡತಿ ಸಾಯಮ್ಮನ ಕಷ್ಟದ ಹೆರಿಗೆ ತಾಂಡೂರಿನ ದವಾಖಾನೆಯಲ್ಲಿ ಆದಾಗ ಮೂರು ದಿನ ಬಳಿ ಕೂತವಳು ಉಮಾಬಾಯಿಯೇ. ಈ ವಿಷಯವನ್ನು ಬೀರಣ್ಣ ಇಲ್ಲಿ ಹೇಳಲಿಲ್ಲ. ಸುಂದರಬಾಯಿ ಕೇಳಲೂ ಇಲ್ಲ.

ಅವಳು ತಿರುಗಿ ಮೊರ ಹಿಡಿದಳು. ಎಷ್ಟು ಕೇರಿದರೂ ಒಂದೇ ಬೊಗಸೆ ತೊಗರಿಯನ್ನು ಕೇರುತ್ತಿದ್ದಳು.

ಲಿಂಗವಂತರ ಮನೆಯಲ್ಲಿ ಹುಟ್ಟಿದ ಕೂಸಿಗೆ ದಿನ ತುಂಬುವ ಮೊದಲೇ ಅಯ್ಯ ಬಂದು ಲಿಂಗ ಕಟ್ಟುತ್ತಾನೆ. ಸತ್ತಾಗ ಅದೇ ಲಿಂಗವನ್ನು ಎಡಗೈಯಲ್ಲಿಟ್ಟು, ಕೂತ ಭಂಗಿಯಲ್ಲೇ ಮಣ್ಣು ಮಾಡುತ್ತಾರೆ. ಒಬ್ಬರ ಲಿಂಗ ಇನ್ನೊಬ್ಬರಿಗೆ ನಡೆಯುವುದಿಲ್ಲ. ಕಳೆದರೆ ಜೀವವೇ ಕಳೆದಂತೆ. ಸಿಗುವತನಕ ಬಾಯಿಗೆ ಹನಿ ನೀರಿಲ್ಲ. ಇಷ್ಟು ಗೊತ್ತಿದ್ದ ಮನೆಯಲ್ಲೇ ಆ ತಪ್ಪು ನಡೆದದ್ದು. ಅದಕ್ಕೆ ಬೀಜ ಹಾಕಿದವನು ಮನ್ಮಥಪ್ಪ.

ಪ್ಲೇಗು ಬಿದ್ದಾಗ ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತು. ಖಾಲಿ ಮನೆಗಳಿಗೆ ಕಳ್ಳರು ನುಗ್ಗುತ್ತಿದ್ದರು, ಗುಡಿಸಲಿಗೂ ಬರಬಹುದು. ಮನ್ಮಥಪ್ಪ ವ್ಯಾಪಾರಿ, ಮುಂದಾಲೋಚನೆಯ ಮನುಷ್ಯ. ಮನೆಯವರೆಲ್ಲರ ಲಿಂಗಗಳನ್ನು ಬೆಳ್ಳಿಯ ಕರಡಿಗೆಗಳಿಂದ ಬಿಚ್ಚಿಸಿ, ಬೆಳ್ಳಿಯನ್ನು ಒಲೆಯ ಬುಡದಲ್ಲಿ ಹುಗಿದ. ಲಿಂಗಗಳನ್ನು ಒಂದೊಂದು ವಸ್ತ್ರದಲ್ಲಿ ಸುತ್ತಿ ಎಲ್ಲರೂ ಕೊರಳಿಗೆ ಕಟ್ಟಿಕೊಂಡರು. ಬೆಳ್ಳಿ ಇದ್ದಾಗ ಒಂದೊಂದೂ ಬೇರೆ. ಚೌಕ ಯಾರದು, ಗುಂಡು ಯಾರದು ಎಂದು ದೂರದಿಂದಲೇ ಹೇಳಬಹುದಿತ್ತು. ಬೆಳ್ಳಿ ಹೋದ ಮೇಲೆ ಎಲ್ಲವೂ ಒಂದೇ ಕರಿ ನೆಲ್ಲಿಕಾಯಿ.

ವೈಜಿನಾಥನಿಗೆ ಜ್ವರ ಏರಿದಾಗ ಮನ್ಮಥಪ್ಪ ಬಂಡಿ ತರಲೆಂದು ನಾರಾಯಣಖೇಡಕ್ಕೆ, ಸುಂದರಬಾಯಿಯ ಅಣ್ಣ ಬಂಡೆಪ್ಪನ ಮನೆಗೆ ಹೋಗಿದ್ದ. ಉಮಾಬಾಯಿ ಪಕ್ಕದ ಗುಡಿಸಲಿನಲ್ಲಿ ಜ್ವರದಿಂದ ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದಳು. ಬೆವರಿನಲ್ಲಿ ತೊಯ್ದ ಮಗನ ವಸ್ತ್ರವನ್ನೂ, ಉಚ್ಚೆ ಮಾಡಿಕೊಂಡ ಮೊಮ್ಮಗಳ ವಸ್ತ್ರವನ್ನೂ ಸುಂದರಬಾಯಿ ಒಟ್ಟಿಗೇ ಬಿಚ್ಚಿ ಒಗೆಯಲು ಹಾಕಿ, ಎರಡು ಲಿಂಗವನ್ನೂ ಒಂದೇ ತಟ್ಟೆಯಲ್ಲಿಟ್ಟಿದ್ದಳು. ಆ ಹೊತ್ತಿಗೇ ಮಗನ ಉಸಿರು ನಿಂತಿತು. ಹೊರಗಿನಿಂದ ಮಣ್ಣು ಮಾಡುವ ಅಯ್ಯ ಸಂಗಯ್ಯ, "ಲಿಂಗ ಕೊಡ್ರಿ ತಾಯಿ, ಹೊತ್ತ ಮಾಡಬ್ಯಾಡ್ರಿ, ಪೊಲೀಸರು ಬಂದ್ರ ಸುಟ್ಟು ಬಿಡ್ರಿ ಅಂತಾರ" ಎಂದು ಅವಸರ ಮಾಡಿದ. ಅವಳು ಕೈಗೆ ಸಿಕ್ಕದ್ದನ್ನು ಎತ್ತಿ ಕೊಟ್ಟಳು.

ಊರಿಗೆ ತಿರುಗಿ ಬಂದು, ಒಲೆ ಅಗೆದು, ಬೆಳ್ಳಿ ತೊಳೆದು, ಲಿಂಗಗಳನ್ನು ಕರಡಿಗೆಗೆ ತುಂಬುವಾಗ ಅವಳ ಬೆರಳಿಗೆ ಒಂದರ ಅಂಚಿನ ಮುಕ್ಕು ತಾಗಿತು. ಅಕ್ಕಿ ಕಾಳಿನಷ್ಟು ಮುಕ್ಕು. ವೈಜಿನಾಥ ಒಂಬತ್ತು ವರ್ಷದವನಿದ್ದಾಗ ಮಾಳಿಗೆಯ ಮೆಟ್ಟಿಲಿನಿಂದ ಬೀಳಿಸಿದ್ದು. ಆವತ್ತು ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಸಂಗಯ್ಯ ಬಂದು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಮುಕ್ಕಲ್ಲ, ಗುರುತು" ಎಂದ ಮೇಲೆ ಎಲ್ಲರೂ ಉಂಡಿದ್ದರು.

ಗುರುತು ಈಗ ಅವಳ ಬೆರಳ ಕೆಳಗಿತ್ತು. ಹಾಗಿದ್ದರೆ ಮಣ್ಣಿನಲ್ಲಿರುವುದು ಮೂರು ವರ್ಷದ ಕೂಸಿನದು.

ಯಾರಿಗೂ ಹೇಳಲಿಲ್ಲ. ಹೇಳಿದರೆ ಮಗನ ಗೋರಿ ಅಗೆಯಬೇಕೆನ್ನುತ್ತಾರೆ. ಇಲ್ಲವೇ, ಬದುಕಿರುವ ಕೂಸಿನ ಲಿಂಗ ಮಣ್ಣಿಗೆ ಹೋಯಿತು, ಕೂಸು ಉಳಿಯುವುದಿಲ್ಲ ಎನ್ನುತ್ತಾರೆ. ಮುಕ್ಕಾದ ಲಿಂಗವನ್ನು ನೀಲವ್ವನ ಪುಟ್ಟ ಕರಡಿಗೆಯಲ್ಲಿಟ್ಟು, ಉಮಾಬಾಯಿ ತಾಂಡೂರಿಗೆ ಹೊರಟ ದಿನ ಕೂಸಿನ ಕೊರಳಿಗೆ ತಾನೇ ಕಟ್ಟಿ ಕಳಿಸಿದಳು. ಗಂಟಲಿಗೆ ಸಿಕ್ಕಿದ ಕಡುಬು ನಾಲ್ಕು ವರ್ಷ ಅಲ್ಲೇ ಇತ್ತು. ಉಗುಳಲೂ ಇಲ್ಲ, ನುಂಗಲೂ ಇಲ್ಲ.

ಮಧ್ಯಾಹ್ನ ಮನ್ಮಥಪ್ಪ ಸಂಗಯ್ಯನನ್ನು ಕರೆದುಕೊಂಡೇ ಬಂದ. ಇಬ್ಬರೂ ಪಡಸಾಲೆಯಲ್ಲಿ ಊಟಕ್ಕೆ ಕೂತರು. ಸುಂದರಬಾಯಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದಳು. ಸಂಗಯ್ಯನಿಗೆ ಹಲ್ಲು ಕಡಿಮೆ, ಹಸಿವೆ ಜಾಸ್ತಿ. ರೊಟ್ಟಿಯನ್ನು ಪಲ್ಯದಲ್ಲಿ ನೆನೆಹಾಕಿ ಕಾಯುತ್ತಿದ್ದ.

"ಅಯ್ಯನೋರೆ, ನಾಳಿ ಕಚೇರ್ಯಾಗ ಒಂದೇ ಮಾತು ಕೇಳ್ತಾರ. ಲಿಂಗ ಕೊಟ್ಟವರು ಯಾರು? ನೀವು ಹೇಳೂದು, ಸೊಸಿ ಕೊಟ್ಟಳು."

"ಅದು ನೋಡ್ರಿ ಸಾಹುಕಾರ್ರ, ಆ ದಿನ ನಾ ಹನ್ನೊಂದು ಮಣ್ಣ ಮಾಡೀನಿ. ಕೈ ಕಂಡೀನಿ, ಸೀರಿ ಸೆರಗು ಕಂಡೀನಿ. ಮಾರಿ ನೋಡಿಲ್ಲ."

"ಸೆರಗು ಯಾರದು?"

"ಸೆರಗಂದ್ರ ಸೆರಗೇ ರಿ."

"ಅಡ್ಡಗ್ವಾಡಿ ಮ್ಯಾಲ ದೀಪ ಇಡಬ್ಯಾಡ್ರಿ ಅಯ್ಯನೋರೆ. ಗಂಡ ಸತ್ರ ಹೆಂಡ್ತಿ ಕೊಡೂದಲ್ಲೇನು ರಿವಾಜು?"

"ರಿವಾಜು ಹೌದು."

"ಹಂಗಾದ್ರ ಹೆಂಡ್ತಿ ಸೆರಗು."

"ರಿವಾಜಿನ ಪರಕಾರ ಹೆಂಡ್ತಿ ಸೆರಗು," ಎಂದು ಸಂಗಯ್ಯ ಒಪ್ಪಿದ. ಒಪ್ಪಿದವನು ತಲೆಯೆತ್ತಿ ಸುಂದರಬಾಯಿಯ ಕಡೆ ನೋಡಿದ. ಅವನ ಕಣ್ಣು ಮಂಜಾಗಿದ್ದವು, ಆದರೂ ನೋಡಿದ. "ಏನಂತೀರಿ ತಾಯಿ? ನೀವೂ ಅಲ್ಲೇ ಇದ್ರಲ್ಲ."

"ಮಜ್ಜಿಗಿ ಹಾಕ್ಲ್ಯಾ?" ಎಂದಳು ಸುಂದರಬಾಯಿ.

"ಹಾಕ್ರಿ."

ಮಜ್ಜಿಗೆ ಬಟ್ಟಲು ತುಂಬಿ ಚೆಲ್ಲಿತು. ಮನ್ಮಥಪ್ಪ ಗಮನಿಸಲಿಲ್ಲ. ಅವನ ಮುಖದ ಬಿಳಿಚು ಇನ್ನೂ ಪೂರ್ತಿ ಹೋಗಿರಲಿಲ್ಲ. ಊಟ ಬಿಟ್ಟು ಬಲಗೈ ಹೆಬ್ಬೆರಳನ್ನು ತೋರುಬೆರಳಿಗೆ ತಿಕ್ಕುತ್ತಿದ್ದ, ಅಲ್ಲಿ ಏನೋ ಅಂಟಿದೆ ಎಂಬಂತೆ.

"ಅಷ್ಟು ವರ್ಷ ಲಿಂಗ ಇಲ್ದ ಕೂತಾನ ನನ್ನ ಮಗ," ಎಂದ. ಯಾರಿಗೆ ಹೇಳಿದನೋ ತಿಳಿಯಲಿಲ್ಲ. "ಬರೇ ಕೈಯಾಗ ಕೂತಾನ."

"ಹಂಗ ಅನಬ್ಯಾಡ್ರಿ," ಎಂದಳು ಸುಂದರಬಾಯಿ, ತಡೆಯಲಾಗದೆ.

"ಮತ್ತ ಹ್ಯಾಂಗ ಅನ್ಲಿ?"

ಬರಿಗೈಯಲ್ಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದರೆ ಮೊಮ್ಮಗಳು ನಾಳೆಯೇ ರೈಲು ಹತ್ತಿ ತಾಂಡೂರಿಗೆ ಹೋಗುತ್ತಾಳೆ. ಹೇಳದಿದ್ದರೆ ನಾಳೆ ಸಂಜೆಗೆ ಈ ಅಂಗಳದಲ್ಲಿ ಆಡುತ್ತಾಳೆ. ಅವಳು ಮಜ್ಜಿಗೆಯ ತಂಬಿಗೆ ಎತ್ತಿಕೊಂಡು ಒಳಗೆ ಹೋದಳು. ಒಳಗೆ ಗೂಟಕ್ಕೆ ಎರಡು ಲಂಗ ತೂಗುತ್ತಿದ್ದವು, ದೊಡ್ಡದೊಂದು, ಸಣ್ಣದೊಂದು.

ಗಂಡಸರಿಬ್ಬರೂ ಅಡ್ಡಾದ ಮೇಲೆ, ಬಿಸಿಲು ಅಂಗಳದ ಕಟ್ಟೆಯಿಂದ ಇಳಿಯುವ ಹೊತ್ತಿಗೆ, ಹಿತ್ತಲ ಬಾಗಿಲಲ್ಲಿ ಸಾಯಮ್ಮ ಬಂದು ನಿಂತಳು.

"ಅವ್ವಾರ, ಒಂದ ಮಾತು. ನಾ ಹೇಳೀನಿ ಅನಬ್ಯಾಡ್ರಿ."

"ಏನವ್ವ?"

"ಕೂಸು ಉಂಡಿಲ್ಲರಿ. ಮುಂಜಾನಿ ಪೂಜಿ ಮಾಡಿ ನಾಕ ತುತ್ತು ತಿಂದಿದ್ದು, ಅಷ್ಟೇ. ಕಚೇರಿಯಿಂದ ಬಂದ ಮ್ಯಾಲ ನೀರು ಸೈತ ಕುಡದಿಲ್ಲ. 'ನಂದು ಕಪಾಟಿನಾಗ ಅದ, ಬಂದ ಮ್ಯಾಲೇ ಉಣ್ತೀನಿ' ಅಂತ ಮೂಲ್ಯಾಗ ಕೂತದ. ಅವ್ವ ಬೇಡಿಕೊಂಡ್ರೂ ಇಲ್ಲ, ನಾ ಬೇಡಿಕೊಂಡ್ರೂ ಇಲ್ಲ. ಜರಾ ಮೈ ಬೆಚ್ಚಗಾಗ್ಯಾದ."

"ಹಠಮಾರಿ."

"ಅಪ್ಪ ಹೇಳಿದ್ನಂತರಿ, ಲಿಂಗ ಇಲ್ದ ಉಣ್ಣಬಾರದಂತ. ಅಪ್ಪನ ಮಾರಿ ನೆನಪಿಲ್ಲ, ಮಾತು ನೆನಪದ. ಅದನ್ನ ಹೇಳಿಕೊಟ್ಟಾಕಿ ಅವ್ವನೇ. ಈಗ ಅಕಿಗೇ ತಿರಗಿ ಬಿತ್ತು."

ಸುಂದರಬಾಯಿ ಒಳಗೆ ಹೋಗಿ ಹಿತ್ತಾಳೆಯ ಚೊಂಬಿನಲ್ಲಿ ಹಾಲು ತುಂಬಿಕೊಂಡು, ಸೆರಗು ಹೊದ್ದು ಸಾಯಮ್ಮನ ಹಿಂದೆ ಹೊರಟಳು. ದಾರಿಯಲ್ಲಿ ಮೂರು ಮಂದಿ, "ಎಲ್ಲಿಗಿ ಹೊಂಟೀರಿ ಸಾಹುಕಾರ್ತಿ?" ಎಂದು ಕೇಳಿದರು. ಮೂವರಿಗೂ ಅವಳು, "ಇಲ್ಲೇ" ಎಂದಳು.

ಕುರುಬರ ಓಣಿಗೆ ಅವಳು ಹಿಂದೆಂದೂ ಬಂದವಳಲ್ಲ. ಬೀರಣ್ಣನ ಮನೆಯ ಮುಂದೆ ಉಣ್ಣೆ ರಾಶಿ, ಮರಿಗಳ ಬುಟ್ಟಿ, ಮಗ್ಗದ ಕುಣಿ. ಹೊಸ್ತಿಲ ಬಳಿ ಅವಳ ಕಾಲು ತಾನಾಗಿಯೇ ನಿಂತಿತು. ಮಾಂಸ ಬೇಯುವ ಮನೆ. ಅಂಗಳದ ಮೂಲೆಯಲ್ಲಿ ಮೂರು ಕಲ್ಲಿನ ಬೇರೆ ಒಲೆ ಹೂಡಿತ್ತು. ಅದರ ಮೇಲಿನ ಮಡಕೆ ಹೊಸದು, ಬಾಯಿಗೆ ಸುಣ್ಣದ ಗೆರೆ.

"ಅದು ಕೂಸಿನ ಒಲಿರಿ," ಎಂದಳು ಸಾಯಮ್ಮ, ಕೇಳದಿದ್ದರೂ. "ನಮ್ಮ ಒಲಿ ಮ್ಯಾಲ ಅಕಿಗಿ ಮಾಡಬ್ಯಾಡಂತ ನಿಮ್ಮ ಸೊಸಿನೇ ಮಡಿಕಿ ತಂದಾಳ. ತಾ ಮಾತ್ರ ನಮ್ಮ ಸಂಗಟ ಕೂತು ಉಣ್ತಾಳ."

ಉಮಾಬಾಯಿ ಒಳಗಿನಿಂದ ಬಂದಳು. ಬಿಳಿ ಸೀರೆ, ಬರಿಯ ಹಣೆ, ಕೊರಳಲ್ಲಿ ಏನೂ ಇಲ್ಲ. ಅತ್ತೆಯನ್ನು ನೋಡಿ ತಲೆಯ ಮೇಲೆ ಸೆರಗು ಎಳೆದುಕೊಂಡಳು, ಅಭ್ಯಾಸ ಬಿಟ್ಟಿರಲಿಲ್ಲ.

"ಬರ್ರಿ ಅತ್ತಿ. ಏನು, ಕೂಸಿನ ಒಯ್ಯಾಕ ಇವತ್ತೇ ಬಂದ್ರೇನು? ಹುಕುಂ ನಾಳಿ ಅಲ್ಲೇನು?"

"ಹಾಲು ತಂದೀನಿ."

"ಕುಡಿಸಿ ನೋಡ್ರಿ. ನಾ ಸೋತೀನಿ. ಕಿರಿಸ್ತಾನ ಅವ್ವನ ಕೂಸು ನೋಡ್ರಿ ಅದು, ಲಿಂಗ ಇಲ್ದ ನೀರೂ ಕುಡಿಯಂಗಿಲ್ಲಂತ. ಮಾವನವರಿಗಿ ಹೇಳ್ರಿ. ಅರ್ಜ್ಯಾಗ ಬರಸ್ಲಿ."

ಸುಂದರಬಾಯಿ ಚೊಂಬನ್ನು ಸೆರಗಿನೊಳಗೆ ಹಿಡಿದಳು. ಹೊಸ್ತಿಲು ದಾಟಿದಳು.

ನೀಲವ್ವ ಕಂಬಳಿಯ ಮೇಲೆ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದಳು. ಏಳು ವರ್ಷದ ಸಣ್ಣ ಮುಖ, ಒಣಗಿದ ತುಟಿ. ದೊಡ್ಡ ಲಂಗ ಜಾರಿ ಬೀಳುತ್ತದೆ, ಸಣ್ಣದೂ ಸಡಿಲಾಗುತ್ತದೆ ಎಂದು ಸುಂದರಬಾಯಿಗೆ ತೋಚಿತು. ಕೂಸಿನ ಕೊರಳಲ್ಲಿ ಖಾಲಿ ದಾರ ಇತ್ತು. ಅದನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿತ್ತು.

"ನೀಲಿ, ನಾ ಯಾರು ಗೊತ್ತದೇನು?"

"ಆಯಿ. ಆ ತಾತನ ಮನಿ ಆಯಿ. ಆ ತಾತನೇ ನಂದು ಕಸಗೊಂಡಿದ್ದು."

"ಕಸಗೊಂಡಿಲ್ಲವ್ವ. ನಾಳಿ ಕೊಡ್ತಾರ. ಹಾಲು ಕುಡಿ."

"ನಾಳಿನೇ ಕುಡಿತೀನಿ."

"ಜ್ವರ ಬರ್ತಾವ."

"ಬರ್ಲಿ."

"ಆಯಿ ಹೇಳ್ಲತ್ತೀನಿ, ಕುಡಿ. ಒಂದಿನ ನಡೀತದ. ದೇವರು ಏನೂ ಅನ್ನೂದಿಲ್ಲ."

ಕೂಸು ಅವಳನ್ನು ಅನುಮಾನದಿಂದ ನೋಡಿತು. "ನೀ ನಿಂದು ಕಳದ್ರ ಕುಡಿತಿದ್ದೇನು?"

ಸುಂದರಬಾಯಿಯ ಕೈ ತಾನಾಗಿ ತನ್ನ ಎದೆಯ ಮೇಲಿನ ಕರಡಿಗೆಗೆ ಹೋಯಿತು. ಸಾಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗುವನ್ನು ತಡೆದಳೋ ಮತ್ತೇನನ್ನೋ. ಉಮಾಬಾಯಿ ಬಾಗಿಲಿಗೆ ಒರಗಿ ನಿಂತು ಬೇರೆ ಕಡೆ ನೋಡುತ್ತಿದ್ದಳು.

ಸುಂದರಬಾಯಿ ಕಂಬಳಿಯ ಮೇಲೆ ಕೂತಳು. ಚೊಂಬನ್ನು ಪಕ್ಕಕ್ಕಿಟ್ಟಳು. ಕೂಸಿನ ಬೆರಳಿನಿಂದ ದಾರ ಬಿಡಿಸಿದಳು, ಬಿಗಿಯಾಗಿ ಸುತ್ತಿ ಬೆರಳ ತುದಿ ನೀಲಿಗಟ್ಟಿತ್ತು.

"ನೀಲಿ, ಕೇಳಿಲ್ಲಿ. ಕಪಾಟಿನಾಗ ಇದ್ದದ್ದು ನಿಂದಲ್ಲ."

"ನಂದೇ."

"ಅಲ್ಲವ್ವ. ಅದು ನಿಮ್ಮ ಅಪ್ಪಂದು. ಅದರ ಅಂಚಿಗಿ ಸಣ್ಣ ಮುಕ್ಕದ, ಬೆರಳಿಗಿ ಹತ್ತತದ, ಹೌದಿಲ್ಲೋ?"

ಕೂಸು ತಲೆಯಾಡಿಸಿತು. "ಅಲ್ಲಿ ವಿಬೂತಿ ಕೂಡ್ತದ. ಕಡ್ಡಿಲೆ ತಗೀತೀನಿ."

"ಅದು ನಿಮ್ಮ ಅಪ್ಪ ಮೆಟ್ಲದ ಮ್ಯಾಲಿಂದ ಬೀಳಿಸಿದ್ದು. ನಿಂದು ನಿಮ್ಮ ಅಪ್ಪನ ಕೈಯಾಗ ಅದ. ಅಂವ ಹೋಗೂಮುಂದ ಕೊಟ್ಟಾಕಿ ನಾನೇ. ಎರಡೂ ಒಂದೇ ತಾಟಿನಾಗ ಇದ್ವು. ಗಡಬಡ್ಯಾಗ ನಿಂದು ಎತ್ತಿ ಕೊಟ್ಟೀನಿ. ಹಿಂಗಾಗಿ ನಿಂದು ಕಳದಿಲ್ಲ. ಎಲ್ಲಿ ಅದ ಅಂತ ನನಗ ಗೊತ್ತದ."

ಅಂಗಳದಲ್ಲಿ ಒಂದು ಮರಿ ಒದರಿತು. ಸಾಯಮ್ಮ ಎದ್ದು ಹೋಗಲಿಲ್ಲ.

ಕೂಸು ಬೆರಳು ಮಡಚಿ ಲೆಕ್ಕ ಹಾಕಿತು. "ಅಪ್ಪ ಗಟ್ಟಿ ಹಿಡಕೊಂಡಾನೇನು?"

"ಗಟ್ಟಿ ಹಿಡಕೊಂಡಾನ."

"ತಿರಗಿ ಯಾವಾಗ ಕೊಡ್ತಾನ?"

"ಕೊಡೂದಿಲ್ಲವ್ವ. ಅವಂದು ನಿನಗ ಕೊಟ್ಟಾನಲ್ಲ."

"ಅದಲ ಬದಲ," ಎಂದಿತು ಕೂಸು. ಮತ್ತೆ ಸ್ವಲ್ಪ ಯೋಚಿಸಿ, ಅಪ್ಪನ ಹತ್ತಿರ ಇದ್ದರೆ ಕಳೆದಂತಲ್ಲ ಎಂದು ತೀರ್ಮಾನಿಸಿತೋ, ಏಳು ವರ್ಷದ ಹಸಿವೆಗೆ ಅಷ್ಟೇ ನೆವ ಸಾಕಾಯಿತೋ, ಚೊಂಬಿಗೆ ಕೈ ಚಾಚಿತು. ಎರಡೂ ಕೈಯಿಂದ ಹಿಡಿದು, ಉಸಿರು ತೆಗೆದುಕೊಳ್ಳದೆ ಅರ್ಧ ಖಾಲಿ ಮಾಡಿತು. ಮೇಲ್ತುಟಿಯ ಮೇಲೆ ಹಾಲಿನ ಗೆರೆ ಮೂಡಿತು. ವೈಜಿನಾಥನೂ ಹಾಗೇ ಕುಡಿಯುತ್ತಿದ್ದ.

ಉಮಾಬಾಯಿ ಬಾಗಿಲು ಬಿಟ್ಟು ಒಳಗೆ ಬಂದಳು. ಅವಳ ದನಿ ಸಣ್ಣದಾಗಿತ್ತು.

"ಖರೇ ಏನ್ರಿ ಅತ್ತಿ? ಕೂಸಿಗಿ ಹಾಲು ಕುಡಿಸಾಕ ಹೇಳಿದ್ದೋ?"

"ಖರೇ."

"ನಾಕು ವರ್ಷ?"

"ನಾಕು ವರ್ಷ."

"ಮುಂಜಾನಿ ನಾ ಕಚೇರ್ಯಾಗ ನಿಂತು ಎಲ್ಲರ ಮುಂದ ಗಂಡನ ಲಿಂಗದ ಕಳ್ಳಿ ಅನಸ್ಕೊಂಡೀನಿ."

"ಗೊತ್ತದ."

"ಸ್ನಾನ ಆದ ಮ್ಯಾಲ ಕೂಸಿನ ಮುಂದ ತಾಟು ಇಟ್ಟು ದೂರ ಕೂಡತಿದ್ದೆ. ನನ್ನ ದೇವರ ಹೆಸರು ಬ್ಯಾರೆ ಆತು, ಇನ್ನ ಇದನ್ನ ಮುಟ್ಟಿದ್ರ ಸುಳ್ಳಾಗ್ತದಂತ ಬೆರಳು ಸೈತ ತಾಗಿಸಿಲ್ಲ." ಅವಳು ಕೂಸಿನ ಕೊರಳಿನ ಖಾಲಿ ದಾರವನ್ನು ಬಿಚ್ಚಿ ಕೈಗೆ ತೆಗೆದುಕೊಂಡಳು. "ಅವರದು ಅಂತ ಗೊತ್ತಿದ್ರ ಮುಟ್ಟತಿದ್ದೆ ಅತ್ತಿ. ಪೂಜಿಗಿ ಅಲ್ಲ. ಸುಮ್ನ."

ಕೂಸು ಉಳಿದ ಹಾಲು ಕುಡಿದು, "ಇನ್ನೂ ಅದೇನು?" ಎಂದಿತು. ಸಾಯಮ್ಮ ಎದ್ದು ಸುಣ್ಣದ ಗೆರೆಯ ಮಡಕೆಯತ್ತ ಓಡಿದಳು.

"ನೀವಿದನ್ನ ಇಲ್ಲಿ ಹೇಳಿದ್ರ ಏನು ಬಂತ್ರಿ?" ಎಂದಳು ಉಮಾಬಾಯಿ. "ನಾಳಿ ಸಂಗಯ್ಯ ಬಂದು ಸೊಸಿ ಸೆರಗು ಅಂತಾನ. ಆಗ ಇದನ್ನ ನಾ ಹೇಳಿದ್ರ ಯಾರು ಕೇಳ್ತಾರ?"

"ನೀ ಹೇಳಬ್ಯಾಡ."

"ಮತ್ತ?"

"ಸೆರಗು ಯಾರದು ಅಂತ ಸೆರಗಿನವರೇ ಹೇಳ್ಬೇಕು."

ಉಮಾಬಾಯಿ ಅತ್ತೆಯ ಮುಖ ನೋಡಿದಳು. "ಹೇಳಿದ್ರ ಕೂಸು ನಿಮ್ಮನಿಗಿ ಬರೂದಿಲ್ಲರಿ. ತಿಳದೇ ಹೇಳ್ತೀರೇನು?"

"ನನ್ನ ಕೂದಲ ಬಿಸಿಲಾಗ ಬೆಳ್ಳಗಾಗಿಲ್ಲ." ಸುಂದರಬಾಯಿ ಎದ್ದು ಖಾಲಿ ಚೊಂಬು ತೆಗೆದುಕೊಂಡಳು. ಹೊಸ್ತಿಲ ಬಳಿ ಹೋಗಿ ತಿರುಗಿದಳು. "ಇಕಿ ಸೊಂಟದ ಅಳತಿ ಎಷ್ಟು?"

"ಯಾಕ್ರಿ?"

"ಎರಡು ಲಂಗ ಹೊಲಿಸೀನಿ. ಎರಡೂ ಬರೋಬರಿ ಆಗೂದಿಲ್ಲ."

ಉಮಾಬಾಯಿ ಕೂಸನ್ನು ನಿಲ್ಲಿಸಿ, ಅದೇ ಖಾಲಿ ದಾರವನ್ನು ಸೊಂಟಕ್ಕೆ ಸುತ್ತ ಹಿಡಿದು, ಗಂಟು ಹಾಕಿ ಅತ್ತೆಯ ಕೈಗೆ ಕೊಟ್ಟಳು. ಸುಂದರಬಾಯಿ ಅದನ್ನು ಸೆರಗಿನ ಚುಂಗಿಗೆ ಕಟ್ಟಿಕೊಂಡಳು.

ಅಂಗಳದಲ್ಲಿ ಬೀರಣ್ಣ ಮರಿಗಳನ್ನು ಬುಟ್ಟಿ ಮುಚ್ಚಿ ಕೂಡಿಹಾಕುತ್ತಿದ್ದ. ಸಾಹುಕಾರ್ತಿ ತನ್ನ ಮನೆಯೊಳಗಿನಿಂದ ಹೊರಗೆ ಬರುವುದನ್ನು ಕಂಡು ಬುಟ್ಟಿ ಕೈಬಿಟ್ಟ. ಒಂದು ಮರಿ ಓಡಿತು.

"ಬೀರಣ್ಣ, ಇವರ ವಕೀಲನ ಮನಿ ಗೊತ್ತದೇನು?"

"ಗೊತ್ತದ್ರಿ. ಸ್ಟೇಶನ್ ಕಡಿ."

"ಈಗೇ ಹೋಗಿ ಹೇಳು. ನಾಳಿ ಹತ್ತಕ್ಕ, ಕಚೇರಿ ಬಾಗಲ ತೆರಿಯೂಕಿನ ಮುಂಚೆ, ಮುಂದಿನ ಬೇವಿನ ಗಿಡದ ಬುಡಕ ಸಾಕ್ಷಿಗಿ ಬರ್ತೀನಿ ಅನ್ನು. ಏನು ಕೇಳ್ತಾರ, ಹ್ಯಾಂಗ ನಿಂದ್ರಬೇಕು, ಎಲ್ಲ ಅಲ್ಲೇ ಹೇಳ್ಲಿ. ನಾ ಕಚೇರಿ ನೋಡಿದಾಕಿ ಅಲ್ಲ."

ಬೀರಣ್ಣ ಬಾಯಿ ತೆರೆದ. "ಮತ್ತ ಯಜಮಾನ್ರು? ಅವರಿಗಿ..."

"ಅವರಿಗಿ ಮನ್ಯಾಗ ನಾ ಹೇಳ್ತೀನಿ. ಹೇಳಾಕ ಆಗಲಿಲ್ಲಂದ್ರ ಕಚೇರ್ಯಾಗೇ ಕೇಳ್ಲಿ," ಎಂದಳು ಸುಂದರಬಾಯಿ. "ಹತ್ತಕ್ಕ. ಬೇವಿನ ಗಿಡ. ಮೊದಲ ಆ ಮರಿ ಹಿಡಿ."